ಬಹ್ರೇನ್‌ನ ಎಣ್ಣೆ ಗುತ್ತಿಗೆ: ಬ್ರಿಟಿಷರ ಒಪ್ಪಿಗೆ ಅಲ್ಲಿನ ಅರಸರಾದ ಶೇಖರಿಗೆ ಕಾವಲಾಗಿತ್ತೋ, ಬೀಗವಾಗಿತ್ತೋ?

ಕಡತಪ್ರಿಯ

ಎರಡು ತಿಂಗಳಿಂದ ರಾತ್ರಿ ಊಟ ಮುಗಿಸಿ ಕೂತು ಪರ್ಷಿಯನ್ ಕೊಲ್ಲಿಯ ಬ್ರಿಟಿಷ್ ರೆಸಿಡೆನ್ಸಿಯ, ಅಂದರೆ ಆ ಕೊಲ್ಲಿಯ ಹಿರಿಯ ಬ್ರಿಟಿಷ್ ಅಧಿಕಾರಿ ರೆಸಿಡೆಂಟರ ಕಚೇರಿಯ, ಹಳೆಯ ಕಡತಗಳನ್ನು ಓದುತ್ತಿದ್ದೇನೆ. ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಯಾರು ಬೇಕಾದರೂ ಓದಬಹುದು. ಓದುತ್ತಾ ಹೋದಂತೆ ಮನಸ್ಸಿಗೆ ಬಂದದ್ದನ್ನು ಇಲ್ಲಿ ಹಾಕುತ್ತೇನೆ, ತಪ್ಪಿದ್ದರೆ ತಿದ್ದಿ.

1892ರಲ್ಲಿ ಬಹ್ರೇನ್‌ನ ಶೇಖ್ ಈಸಾ ಬಿನ್ ಅಲಿ ಬ್ರಿಟಿಷರಿಗೆ ಒಂದು ಒಪ್ಪಂದ ಬರೆದುಕೊಟ್ಟರು. ತಮ್ಮ ನೆಲದ ಒಂದು ತುಂಡನ್ನೂ ಬ್ರಿಟಿಷರಿಗಲ್ಲದೆ ಬೇರೆ ಯಾರಿಗೂ ಮಾರುವುದಿಲ್ಲ, ಒತ್ತೆ ಇಡುವುದಿಲ್ಲ, ಬೇರೆ ಸರ್ಕಾರದ ಜೊತೆ ಪತ್ರವ್ಯವಹಾರ ಕೂಡ ಮಾಡುವುದಿಲ್ಲ ಎಂದು. 1914ರಲ್ಲಿ ಇನ್ನೊಂದು ಪತ್ರ: ನನ್ನ ನಾಡಿನಲ್ಲಿ ಸೀಮೆಎಣ್ಣೆ ಸಿಗುವ ಹಾಗಿದ್ದರೆ ಇಲ್ಲಿರುವ ಬ್ರಿಟಿಷ್ ಪ್ರತಿನಿಧಿ ಪೊಲಿಟಿಕಲ್ ಏಜೆಂಟರನ್ನು ಕೇಳದೆ, ಬ್ರಿಟಿಷ್ ಸರ್ಕಾರದ ಒಪ್ಪಿಗೆ ಇಲ್ಲದೆ ಯಾರ ಮಾತಿಗೂ ಕಿವಿಗೊಡುವುದಿಲ್ಲ ಎಂದು. ಕುವೈತ್‌ನ ಶೇಖ್ ಮುಬಾರಕ್ ಅದರ ಹಿಂದಿನ ವರ್ಷವೇ, 1913ರಲ್ಲಿ, ಇಂಥದೇ ಪತ್ರ ಕೊಟ್ಟಿದ್ದರು. ಅಂದರೆ ಎಣ್ಣೆ ಇದೆಯೋ ಇಲ್ಲವೋ ಗೊತ್ತಾಗುವ ಮೊದಲೇ ಅದರ ಬೀಗದ ಕೈ ಬೇರೆಯವರ ಸೊಂಟ ಸೇರಿತ್ತು.

ಮುಂದಿನದು ನನ್ನನ್ನು ಹೆಚ್ಚು ಕಾಡಿದ್ದು. ನ್ಯೂಜಿಲೆಂಡ್ ಮೂಲದ ಗಣಿ ಎಂಜಿನಿಯರ್ ಫ್ರಾಂಕ್ ಹೋಮ್ಸ್ ಲಂಡನ್ನಿನ ಈಸ್ಟರ್ನ್ ಅಂಡ್ ಜನರಲ್ ಸಿಂಡಿಕೇಟ್ ಪರವಾಗಿ ಬಹ್ರೇನ್‌ಗೆ ಬಂದು, 1925ರ ಡಿಸೆಂಬರ್ 2ರಂದು ಶೇಖ್ ಈಸಾರ ಮಗ ಶೇಖ್ ಹಮದ್ ಅವರಿಂದ ಎಣ್ಣೆ ಹುಡುಕುವ ಪರವಾನಗಿ ಪಡೆದ. ಸಿಂಡಿಕೇಟ್ ಬಳಿ ಬಾವಿ ಕೊರೆಯುವಷ್ಟು ಹಣವಿರಲಿಲ್ಲ. 1927ರಲ್ಲಿ ಅಮೆರಿಕದ ಗಲ್ಫ್ ಆಯಿಲ್‌ಗೆ ಹಕ್ಕು ಕೊಡಲು ಒಪ್ಪಿತು. 1928ರ ಜುಲೈನಲ್ಲಿ ರೆಡ್ ಲೈನ್ ಒಪ್ಪಂದ, ಅಂದರೆ ನಕ್ಷೆಯ ಕೆಂಪು ಗೆರೆಯೊಳಗೆ ಯಾರೂ ಒಬ್ಬರೇ ಎಣ್ಣೆಯ ಹಕ್ಕು ಹಿಡಿಯಬಾರದೆಂದು ಗಲ್ಫ್ ಸೇರಿದಂತೆ ದೊಡ್ಡ ಕಂಪನಿಗಳು ಮಾಡಿಕೊಂಡ ಕಟ್ಟು, ಬಂದು ಗಲ್ಫ್‌ನ ಕೈ ಕಟ್ಟಿಹೋಯಿತು. ಅದೇ ವರ್ಷದ ಕೊನೆಗೆ ಹಕ್ಕು ಅಮೆರಿಕದ ಇನ್ನೊಂದು ಕಂಪನಿ ಸ್ಟಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾದ ಪಾಲಾಯಿತು. ಆ ಹೊತ್ತಿಗೆ ಪರವಾನಗಿಯ ಅವಧಿ ಮುಗಿಯುತ್ತಾ ಬಂದಿತ್ತು, ವಿಸ್ತರಣೆ ಬೇಕಿತ್ತು. ಆಗ ಲಂಡನ್ ಹೇಳಿದ್ದು: ಕಂಪನಿ ಬ್ರಿಟಿಷರ ಹಿಡಿತದಲ್ಲೇ ಇರಬೇಕು ಎಂಬ ಷರತ್ತು ಸೇರಿಸಿದರೆ ಮಾತ್ರ. 1925ರ ಮೂಲ ಪತ್ರದಲ್ಲಿ ಈ ಷರತ್ತು ಇರಲೇ ಇಲ್ಲ.

ಆಮೇಲೆ ವಾಷಿಂಗ್ಟನ್ನಿಗೂ ಲಂಡನ್ನಿಗೂ ಪತ್ರಗಳು ಓಡಾಡಿದವು. ಕೊನೆಗೆ ಆ ಕ್ಯಾಲಿಫೋರ್ನಿಯಾ ಕಂಪನಿಯೇ ಕೆನಡಾದಲ್ಲಿ ನೋಂದಾಯಿಸಿದ ಬಹ್ರೇನ್ ಪೆಟ್ರೋಲಿಯಂ ಕಂಪನಿಗೆ, ಅಂದರೆ ಬಾಪ್ಕೊಗೆ, 1930ರಲ್ಲಿ ಹಕ್ಕು ವರ್ಗವಾಯಿತು. ಐದು ನಿರ್ದೇಶಕರಲ್ಲಿ ಒಬ್ಬ ಬ್ರಿಟಿಷ್ ಪ್ರಜೆ ಆಗಿರಬೇಕು. ಬಹ್ರೇನ್‌ನಲ್ಲಿ ಕಂಪನಿಯ ಮುಖ್ಯ ಪ್ರತಿನಿಧಿ ಯಾರೆಂಬುದಕ್ಕೆ ಬ್ರಿಟಿಷ್ ಸರ್ಕಾರದ ಒಪ್ಪಿಗೆ ಬೇಕು. ಅವನು ಶೇಖರ ಜೊತೆ ವ್ಯವಹರಿಸುವುದೂ ಪೊಲಿಟಿಕಲ್ ಏಜೆಂಟರ ಮೂಲಕವೇ. ಕೆಲಸಗಾರರು ಸಾಧ್ಯವಾದಷ್ಟೂ ಬ್ರಿಟಿಷ್ ಪ್ರಜೆಗಳು ಅಥವಾ ಬಹ್ರೇನಿಗಳು.

ಪರವಾನಗಿ ಸಿಕ್ಕಿ ಹಕ್ಕು ವರ್ಗವಾಗುವವರೆಗೆ ಐದು ವರ್ಷ, ಈ ವಿಳಂಬವನ್ನೆಲ್ಲ ನಾನು ಲಂಡನ್ನಿನ ಲೆಕ್ಕಕ್ಕೇ ಬರೆಯುತ್ತೇನೆ. ಅಂತೂ 1931ರ ಅಕ್ಟೋಬರ್‌ನಲ್ಲಿ ಕೊರೆಯಲು ಶುರು, 1932ರ ಜೂನ್ ಹೊತ್ತಿಗೆ ಸುಮಾರು 2,000 ಅಡಿ ಆಳದಲ್ಲಿ ಎಣ್ಣೆ.

ಈ ನಿಯಂತ್ರಣವನ್ನು ‘ರಕ್ಷಣೆ’ ಎನ್ನಲು ನನಗೆ ಮನಸ್ಸು ಬರುತ್ತಿಲ್ಲ. ತನ್ನ ನೆಲದ ಕೆಳಗಿನದನ್ನು ಯಾರಿಗೆ ಕೊಡಬೇಕೆಂದು ಆರಿಸುವ ಹಕ್ಕು ಹೋದ ಮೇಲೆ ಅರಸನಿಗೆ ಉಳಿದದ್ದೇನು? ನೀವೆಲ್ಲ ಏನಂತೀರಿ?

ವಕೀಲರ ಓಣಿ

ಚೆನ್ನಾಗಿ ಬರೆದಿದ್ದೀರಿ ಸರ್, ಆದರೆ ಎರಡು ಕಡೆ ನಾನು ಒಪ್ಪುವುದಿಲ್ಲ.

ಒಂದು, ವಿಳಂಬ. 1925ರಿಂದ 1930ರವರೆಗಿನ ಐದು ವರ್ಷವನ್ನೂ ಲಂಡನ್ನಿನ ಲೆಕ್ಕಕ್ಕೆ ಬರೆಯುತ್ತಿದ್ದೀರಿ. ಮೊದಲ ಎರಡು ವರ್ಷ ಹೋದದ್ದು ಹೋಮ್ಸ್‌ನ ಸಿಂಡಿಕೇಟ್ ದುಡ್ಡಿಗಾಗಿ ಬಾಗಿಲು ಬಾಗಿಲು ತಿರುಗಿದ್ದರಿಂದ. ಲಂಡನ್ನಿನ ಹೂಡಿಕೆದಾರರು ಅವನಿಗೆ ಕಾಸು ಬಿಚ್ಚಲಿಲ್ಲ. ಇರಾನಿನಲ್ಲಿ ಎಣ್ಣೆ ತೆಗೆಯುತ್ತಿದ್ದ ಬ್ರಿಟಿಷ್ ಕಂಪನಿ ಆಂಗ್ಲೋ-ಪರ್ಷಿಯನ್‌ನ ಭೂವಿಜ್ಞಾನಿಗಳು ಅರಬ್ ದಡದಲ್ಲಿ ಎಣ್ಣೆಯ ಆಸೆ ಇಲ್ಲವೆಂದೇ ನಂಬಿದ್ದರು. ಲಂಡನ್ನಿನ ಷರತ್ತಿನಿಂದ ಹೋದದ್ದು ಹೆಚ್ಚೆಂದರೆ ಒಂದೂವರೆ ವರ್ಷ.

ಎರಡು, ಒಬ್ಬ ಸಣ್ಣ ಅರಸನ ಮುಂದೆ ದೊಡ್ಡ ಕಂಪನಿ ಬಂದು ನಿಂತಾಗ ಪತ್ರದ ಒಂದೊಂದು ಸಾಲನ್ನೂ ಓದಿ ಹೇಳುವವರು ಬೇಕು. ಶೇಖ್ ಹಮದ್ ಬಳಿ ಭೂವಿಜ್ಞಾನಿ ಇರಲಿಲ್ಲ, ಕಂಪನಿ ಕಾನೂನು ಬಲ್ಲ ವಕೀಲ ಇರಲಿಲ್ಲ. ಹೋಮ್ಸ್ ಬಾವಿ ಕೊರೆಯುವವನಲ್ಲ, ಗುತ್ತಿಗೆ ಹಿಡಿದು ಮಾರುವವನು. ಇಂಥವರಿಂದ ದೇಶೀಯ ಅರಸರು ಮೋಸ ಹೋದ ಉದಾಹರಣೆ ನಮ್ಮಲ್ಲೇ ಇದೆ, ಹೈದರಾಬಾದಿನ ಡೆಕ್ಕನ್ ಮೈನಿಂಗ್ ಕಂಪನಿ. ಆ ಹಗರಣ ನೋಡಿದ ಮೇಲೂ ಮೇಲಿನ ಸರ್ಕಾರ ಕಣ್ಣು ಮುಚ್ಚಿ ಕೂರಬೇಕಿತ್ತೇ?

ಹಟ್ಟಿ ಕಡೆಯವ

ವಕೀಲ್ರೀ, ನಮ್ಮೂರಿನ ಉದಾಹರಣಿ ತಂದು ನಮಗ ತಿರುಗಿಸಿದ್ರಿ. ಅದಕ್ಕ ಬರೀಲೇಬೇಕಾತು.

ನಾ ಲಿಂಗಸುಗೂರು ತಾಲೂಕಿನವ. ಹಟ್ಟಿ ಚಿನ್ನದ ಗಣಿಯೊಳಗ ನಮ್ಮಪ್ಪ ಮೂವತ್ತು ವರ್ಷ ದುಡದಾರ. ಆಗ ಈ ಸೀಮಿ ನಿಜಾಮರದು. 1886ರಾಗ ನಿಜಾಮರ ಸರ್ಕಾರ ಕಲ್ಲಿದ್ದಲು, ಬಂಗಾರ ಎಲ್ಲಾ ಹುಡುಕೋ ಹಕ್ಕನ್ನ 99 ವರ್ಷಕ್ಕ ಲಂಡನ್ನಿನ ಮಂದಿಗೆ ಬರೆದುಕೊಡ್ತು. ಅದೇ ಮುಂದ ಹೈದರಾಬಾದ್ ಡೆಕ್ಕನ್ ಕಂಪನಿ ಆತು. ಸಿಂಗರೇಣಿ ಕಲ್ಲಿದ್ದಲು ಅವರ ಕೈಗೇ ಹೋತು, ಹಟ್ಟಿಯೊಳಗೂ 1920ರ ತನಕ ಕೆಲಸ ಮಾಡಿದವರು ಅವರೇ. ಷೇರುಗಳೊಳಗ ಬಹುಪಾಲು ಗುತ್ತಿಗಿ ತಂದ ದಲ್ಲಾಳಿಗಳೇ ಪುಕ್ಕಟೆ ಹಂಚಿಕೊಂಡ್ರು. ನಿಜಾಮರ ಅಧಿಕಾರಿ ಅಬ್ದುಲ್ ಹಕ್ ತನಗ ಪುಕ್ಕಟೆ ಬಂದ ಷೇರುಗಳನ್ನ ನಿಜಾಮರ ಸರ್ಕಾರಕ್ಕೇ ರೊಕ್ಕಕ್ಕ ಮಾರಿದ. 1888ರಾಗ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿ ಕೂತು ವಿಚಾರಣಿ ಮಾಡ್ತು.

ಈಗ ನಾ ಕೇಳೂದು ಇಷ್ಟ. ಆ ಗುತ್ತಿಗಿಗೆ ಭಾರತದ ಆಡಳಿತ ನೋಡ್ತಿದ್ದ ಲಂಡನ್ನಿನ ಇಂಡಿಯಾ ಆಫೀಸಿನ ಒಪ್ಪಿಗಿ ಇತ್ತೋ ಇರಲಿಲ್ಲೋ? ಇತ್ತರೀ! ಅವರ ಸೈ ಬಿದ್ದ ಮ್ಯಾಲೇನ ಕಂಪನಿ ಹುಟ್ಟಿದ್ದು. ‘ಮೇಲಿನವರು ನೋಡ್ಯಾರ’ ಅನ್ನೋ ಮುದ್ರಿನೇ ಷೇರು ಕೊಳ್ಳೋವರಿಗೆ ಧೈರ್ಯ ಕೊಟ್ಟಿತು. ಕಾವಲುಗಾರ ಬಾಗಿಲ್ದಾಗ ನಿಂತಾಗನ ಕಳುವಾತು. ಅದನ್ನ ಕಾವಲಿನ ಪರವಾಗಿ ಸಾಕ್ಷಿ ಹೇಳಿಸಬ್ಯಾಡ್ರಿ.

ವಕೀಲರ ಓಣಿ

ಹಟ್ಟಿಯವರೇ, ನಿಮ್ಮ ಮಾತಿನಲ್ಲಿ ನ್ಯಾಯವಿದೆ. ಒಪ್ಪಿಗೆ ಕೊಟ್ಟ ಕಚೇರಿ ಸರಿಯಾಗಿ ನೋಡಲಿಲ್ಲ ಎಂಬುದು ನಿಜ. ಆದರೆ ಸರಿಯಾಗಿ ನೋಡದ ಮೇಲ್ವಿಚಾರಣೆ ಬೇರೆ, ಮೇಲ್ವಿಚಾರಣೆಯೇ ಬೇಡ ಎನ್ನುವುದು ಬೇರೆ. ಆ ಹಗರಣ ಬಯಲಿಗೆ ಬಂದದ್ದೂ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿದ್ದರಿಂದಲೇ.

ಮನಾಮದ ಮಂಗಳೂರಿಗ

ನಾನು ಬಹ್ರೇನ್‌ನಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಜಬಲ್ ದುಖಾನ್ ಹತ್ತಿರ ಆ ಮೊದಲ ಬಾವಿ ಈಗಲೂ ಉಂಟು, ಪಕ್ಕದಲ್ಲಿ ಒಂದು ಮ್ಯೂಸಿಯಂ. ಊರಿಂದ ನೆಂಟರು ಬಂದರೆ ಕರೆದುಕೊಂಡು ಹೋಗುತ್ತೇನೆ. ದುಖಾನ್ ಎಂದರೆ ಹೊಗೆ, ಹೊಗೆಬೆಟ್ಟ. ಬೆಟ್ಟ ಅಂದರೂ ನಮ್ಮ ಕಡೆಯ ಒಂದು ಗುಡ್ಡದಷ್ಟೂ ಇಲ್ಲ.

ಕಡತದಲ್ಲಿ ಕಾಣದ ಒಂದೆರಡು ಸಂಗತಿ ಹೇಳುತ್ತೇನೆ. ಶೇಖರಿಗೆ ಹೋಮ್ಸ್ ಮೇಲೆ ವಿಶ್ವಾಸ ಬಂದದ್ದು ಎಣ್ಣೆಯಿಂದ ಅಲ್ಲ, ನೀರಿನಿಂದ. ಅವನು ಇಲ್ಲಿ ಸಿಹಿನೀರಿನ ಬಾವಿ ಕೊರೆದುಕೊಟ್ಟ. ಈ ಬಿಸಿಲಿನಲ್ಲಿ ನೀರು ಕೊಟ್ಟವನನ್ನು ಮರೆಯುವುದು ಹೇಗೆ? ಇಲ್ಲಿನ ಜನ ಅವನನ್ನು ‘ಅಬು ನಫ್ತ್’ ಎನ್ನುತ್ತಿದ್ದರಂತೆ, ಎಣ್ಣೆಯ ಅಪ್ಪ ಅಂತ.

ಎರಡನೆಯದು ಮುತ್ತು. ಇಡೀ ದ್ವೀಪ ಬದುಕಿದ್ದು ಮುತ್ತಿನ ಮೇಲೆ. ಜಪಾನಿನವರು ಬೆಳೆಸಿದ ಮುತ್ತು ಪೇಟೆಗೆ ಬಂತು, 1929ರ ನಂತರ ಜಗತ್ತಿಡೀ ಆರ್ಥಿಕ ಕುಸಿತ, ಮುಂಬಯಿ ಪ್ಯಾರಿಸ್‌ಗಳಲ್ಲಿ ಕೊಳ್ಳುವವರೇ ಇಲ್ಲ. ಮುತ್ತಿಗಾಗಿ ಕಡಲಲ್ಲಿ ಮುಳುಗುವವರು ದೋಣಿ ಯಜಮಾನರ ಹತ್ತಿರ ಮುಂಗಡ ತಗೊಂಡು ತಲೆತಲಾಂತರ ಸಾಲದಲ್ಲಿದ್ದವರು. ಹಾಗಾಗಿ ವಕೀಲರು ‘ಹೆಚ್ಚೆಂದರೆ ಒಂದೂವರೆ ವರ್ಷ’ ಅಂದದ್ದು ನನಗೆ ಸಣ್ಣ ಮಾತಾಗಿ ಕೇಳಲಿಲ್ಲ. ಆ ಒಂದೂವರೆ ವರ್ಷ ಬಂದದ್ದು ಮುತ್ತಿನ ಪೇಟೆ ಬಿದ್ದುಹೋದ ಹೊತ್ತಿಗೇ ಅಲ್ಲವಾ?

ಇನ್ನೊಂದು. ‘ಬ್ರಿಟಿಷ್ ಪ್ರಜೆಗಳು ಅಥವಾ ಬಹ್ರೇನಿಗಳು’ ಎಂಬ ಷರತ್ತಿನಲ್ಲಿ ಬ್ರಿಟಿಷ್ ಪ್ರಜೆ ಅಂದರೆ ಬಿಳಿಯರು ಮಾತ್ರ ಅಲ್ಲ, ಆಗಿನ ಭಾರತದವರೂ ಸೇರಿದರು. ಗುಮಾಸ್ತರು, ಮೆಕ್ಯಾನಿಕ್‌ಗಳು ಭಾರತದಿಂದ ಬಂದದ್ದು ಈ ಬಾಗಿಲಿನಿಂದ. ಹತ್ತಿರದ ಇರಾನಿನಿಂದ ಕಡಿಮೆ ಸಂಬಳಕ್ಕೆ ಜನ ಸಿಗುತ್ತಿದ್ದರು, ಆದರೆ ಬಹ್ರೇನ್ ತನ್ನದು ಎಂದು ಇರಾನ್ ಹಕ್ಕು ಸಾಧಿಸುತ್ತಿದ್ದ ಕಾರಣ ಬ್ರಿಟಿಷರಿಗೆ ಅವರು ಬೇಡವಾಗಿತ್ತು. ಈಗ ಇಲ್ಲಿ ಕನ್ನಡ ಸಂಘ ಉಂಟು, ಯಕ್ಷಗಾನ ಆಗುತ್ತದೆ. ನಮ್ಮವರು ಹೆಚ್ಚಾಗಿ ಬಂದದ್ದು ಬಹಳ ಆಮೇಲೆ, ಆದರೆ ದಾರಿ ಬಿದ್ದದ್ದು ಆಗ. ಇದನ್ನು ನೆನೆದರೆ ನನಗೆ ಸುಖವೂ ಅಲ್ಲ, ದುಃಖವೂ ಅಲ್ಲ, ಎರಡೂ ಕೂಡಿ ಏನೋ ಆಗುತ್ತದೆ.

ಕಡತಪ್ರಿಯ

ಮಂಗಳೂರಿಗರೇ, ಇದಕ್ಕೇ ಇಲ್ಲಿ ಬರೆದದ್ದು. ಇರಾನಿನ ಕೋನವನ್ನು ನಾನು ಮರೆತೇ ಬಿಟ್ಟಿದ್ದೆ. ಬಾಪ್ಕೊಗೆ ಕೊಟ್ಟ ಗುತ್ತಿಗೆಯನ್ನೂ ಇರಾನ್ ಪ್ರತಿಭಟಿಸಿತ್ತು.

ವಿಳಂಬದ ಬಗ್ಗೆ ವಕೀಲರು ಹೇಳಿದ್ದು ಸರಿ, ಮೊದಲ ಎರಡು ವರ್ಷವನ್ನು ನಾನು ಲಂಡನ್ನಿನ ತಲೆಗೆ ಕಟ್ಟಬಾರದಿತ್ತು. ಆದರೆ ನನ್ನ ಮುಖ್ಯ ಪ್ರಶ್ನೆ ಕಾಲದ್ದಲ್ಲ. ದೆಹಲಿಯಲ್ಲಿ ಕೂತವರು ಬಹ್ರೇನ್‌ನ ಅರಸನಿಗೆ ಯಾರ ಜೊತೆ ಮಾತಾಡಬೇಕೆಂದು ಹೇಳುವುದು ಯಾವ ನ್ಯಾಯ?

ನಿವೃತ್ತ ಮೇಷ್ಟ್ರು

ಒಂದು ತಿದ್ದುಪಡಿ. ಆ ವರ್ಷಗಳಲ್ಲಿ ನಿರ್ಧಾರ ದೆಹಲಿಯದ್ದಲ್ಲ. 1921ರಿಂದ 1933ರವರೆಗೆ ಕೊಲ್ಲಿಯ ಅರಬ್ ದಡದ ರಾಜಕೀಯ ಲಂಡನ್ನಿನ ವಸಾಹತು ಕಚೇರಿಯ ಕೈಯಲ್ಲಿತ್ತು. ಬುಶೆಹ್ರ್‌ನ ರೆಸಿಡೆಂಟ್, ಬಹ್ರೇನ್‌ನ ಏಜೆಂಟ್ ಇಬ್ಬರೂ ಭಾರತ ಸರ್ಕಾರದ ರಾಜಕೀಯ ಸೇವೆಯವರೇ. ಅಂದರೆ ಆ ಅಧಿಕಾರಿಗಳನ್ನು ಒದಗಿಸಿದ್ದು ಭಾರತ, ಅವರಿಗೆ ಅಪ್ಪಣೆ ಬರುತ್ತಿದ್ದದ್ದು ಲಂಡನ್ನಿನಿಂದ. ಇಷ್ಟು ಬಿಡಿಸಿ ನೋಡಿದರೆ ಕಡತದಲ್ಲಿ ಯಾರು ಯಾರಿಗೆ ಯಾಕೆ ಬರೆಯುತ್ತಿದ್ದಾರೆ ಎಂಬುದು ಬೇಗ ತಿಳಿಯುತ್ತದೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನೀವೆಲ್ಲ ‘ಹಕ್ಕು’, ‘ಕಾವಲು’ ಎನ್ನುತ್ತಿದ್ದೀರಿ. ನಾನು ಅರ್ಥಶಾಸ್ತ್ರ ಪಾಠ ಮಾಡಿದವನು, ಟನ್ನಿಗೆ ಎಷ್ಟು ಸಿಕ್ಕಿತು ನೋಡೋಣ.

ಬಹ್ರೇನ್‌ನ ರಾಜಧನ, ಅಂದರೆ ತೆಗೆದ ಎಣ್ಣೆಗೆ ಕಂಪನಿ ಅರಸನಿಗೆ ಕೊಡುವ ರಾಯಲ್ಟಿ, ಟನ್ನಿಗೆ 3 ರೂಪಾಯಿ 8 ಆಣೆ. ಹೌದು, ನಮ್ಮ ರೂಪಾಯಿಯೇ. ಬಹ್ರೇನ್‌ನಲ್ಲಿ 1965ರವರೆಗೂ ರೂಪಾಯಿಯೇ ಚಲಾವಣೆಯಲ್ಲಿತ್ತು. ಹೋಲಿಸಲು ಪಕ್ಕದ ಸೌದಿ ಅರೇಬಿಯಾ ಇದೆ. 1927ರ ಜೆಡ್ಡಾ ಒಪ್ಪಂದದಲ್ಲಿ ಇಬ್ನ್ ಸೌದ್ ಸ್ವತಂತ್ರ ಅರಸ ಎಂದು ಬ್ರಿಟಿಷರೇ ಒಪ್ಪಿದ್ದರಿಂದ ಅವರ ಗುತ್ತಿಗೆಗೆ ಲಂಡನ್ನಿನ ಒಪ್ಪಿಗೆ ಬೇಕಿರಲಿಲ್ಲ. 1933ರ ಮೇ 29ರಂದು ಅದೇ ಕ್ಯಾಲಿಫೋರ್ನಿಯಾ ಕಂಪನಿ ಅವರೊಡನೆ ಸಹಿ ಮಾಡಿತು. ಶುರುವಿಗೆ 35,000 ಪೌಂಡ್ ಚಿನ್ನ, ರಾಜಧನ ಟನ್ನಿಗೆ 4 ಷಿಲ್ಲಿಂಗ್, ಅದೂ ಚಿನ್ನದ ಲೆಕ್ಕದಲ್ಲಿ.

1927ರ ಕಾಯ್ದೆಯಂತೆ ಒಂದು ರೂಪಾಯಿಗೆ 1 ಷಿಲ್ಲಿಂಗ್ 6 ಪೆನ್ಸ್ (12 ಪೆನ್ಸ್‌ಗೆ ಒಂದು ಷಿಲ್ಲಿಂಗ್). ಮೂರೂವರೆ ರೂಪಾಯಿ ಎಂದರೆ 5 ಷಿಲ್ಲಿಂಗ್ 3 ಪೆನ್ಸ್. ಮೇಲ್ನೋಟಕ್ಕೆ ಬ್ರಿಟಿಷರ ಆಶ್ರಿತ ಶೇಖರಿಗೆ ಸ್ವತಂತ್ರ ಅರಸನಿಗಿಂತ ಹೆಚ್ಚೇ ಸಿಕ್ಕಿತು! ಕಡತಪ್ರಿಯರ ವಾದ ಇಲ್ಲಿ ಸೋಲಬೇಕು.

ಆದರೆ 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಚಿನ್ನದ ಮಾನಕವನ್ನು, ಅಂದರೆ ಪೌಂಡಿಗೆ ಇಷ್ಟೇ ಚಿನ್ನ ಎಂಬ ಕಟ್ಟನ್ನು, ಬಿಟ್ಟಿತು. ಪೌಂಡ್ ಜಾರಿತು, ಅದಕ್ಕೆ ಕಟ್ಟಿದ್ದ ರೂಪಾಯಿಯೂ ಜೊತೆಗೇ ಜಾರಿತು. ಸೌದಿಯ 4 ಚಿನ್ನದ ಷಿಲ್ಲಿಂಗ್ 1934ರ ಹೊತ್ತಿಗೆ ಕಾಗದದ ಲೆಕ್ಕದಲ್ಲಿ ಸುಮಾರು ಆರೂವರೆ ಷಿಲ್ಲಿಂಗ್ ಆಯಿತು. ಬಹ್ರೇನ್‌ನ ಮೂರೂವರೆ ರೂಪಾಯಿ 5 ಷಿಲ್ಲಿಂಗ್ 3 ಪೆನ್ಸಿನಲ್ಲೇ ಉಳಿಯಿತು. ಬಹ್ರೇನ್‌ನ ಎಣ್ಣೆ ಹಡಗು ಹತ್ತಿದ್ದೂ 1934ರಲ್ಲೇ. ಒಂದೇ ಕಂಪನಿ, ನಡುವೆ ಕೆಲವೇ ಮೈಲಿ ಸಮುದ್ರ. ಒಬ್ಬರು ಚಿನ್ನದಲ್ಲಿ ಬರೆಸಿಕೊಂಡರು, ಇನ್ನೊಬ್ಬರು ರೂಪಾಯಿಯಲ್ಲಿ.

ವಕೀಲರ ಓಣಿ

ಮೇಷ್ಟ್ರೇ, ಲೆಕ್ಕಕ್ಕೆ ನಮಸ್ಕಾರ. ಆದರೆ ರೂಪಾಯಿಯನ್ನು ಶೇಖರ ಮೇಲೆ ಯಾರೂ ಹೇರಲಿಲ್ಲ. ಮುತ್ತು ಮುಂಬಯಿಗೆ ಹೋಗುತ್ತಿತ್ತು, ಅಕ್ಕಿ ಬಟ್ಟೆ ಮುಂಬಯಿ ಕರಾಚಿಗಳಿಂದ ಬರುತ್ತಿತ್ತು, ರೂಪಾಯಿ ಅಲ್ಲಿ ವ್ಯಾಪಾರದ ಜೊತೆಗೇ ಬಂದು ನೆಲೆಸಿದ ನಾಣ್ಯ. 1925ರಲ್ಲಿ ಕೂತು 1931ನ್ನು ಊಹಿಸುವುದು ಯಾರಿಗೆ ಸಾಧ್ಯವಿತ್ತು? ಇಬ್ನ್ ಸೌದ್ ಸಹಿ ಹಾಕಿದ್ದು ಪೌಂಡ್ ಬಿದ್ದ ಮೇಲೆ, ಅದಕ್ಕೇ ಚಿನ್ನ ಕೇಳಿದರು. ಇದು ಕಾಲದ ವ್ಯತ್ಯಾಸ, ಸ್ವಾತಂತ್ರ್ಯದ ವ್ಯತ್ಯಾಸವಲ್ಲ.

ನಿವೃತ್ತ ಮೇಷ್ಟ್ರು

1925ರ ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ. ಆದರೆ ಕುವೈತ್ ನೋಡಿ. ಅಲ್ಲಿ ಸಹಿ ಆದದ್ದು 1934ರ ಡಿಸೆಂಬರ್ 23ರಂದು, ಪೌಂಡ್ ಬಿದ್ದು ಮೂರು ವರ್ಷವಾದ ಮೇಲೆ, ಇಬ್ನ್ ಸೌದ್ ಚಿನ್ನ ಬರೆಸಿಕೊಂಡು ಒಂದೂವರೆ ವರ್ಷವಾದ ಮೇಲೆ. ಆಗಲೂ ರಾಜಧನ ಟನ್ನಿಗೆ 3 ರೂಪಾಯಿ, ಶುರುವಿಗೆ ಕೊಟ್ಟದ್ದು 4,75,000 ರೂಪಾಯಿ. 1935ರಲ್ಲಿ ಕತಾರ್‌ಗೂ ಟನ್ನಿಗೆ 3 ರೂಪಾಯಿಯೇ. ಆಶ್ರಿತರಿಗೆಲ್ಲ ರೂಪಾಯಿ, ಸ್ವತಂತ್ರನಿಗೆ ಚಿನ್ನ. ಅರಸರ ಪರವಾಗಿ ಪತ್ರ ಓದುವ ಬಲ್ಲಿದರಿದ್ದರು ಎಂದಿರಲ್ಲ, ಆ ಬಲ್ಲಿದರು ಈ ಸಾಲನ್ನು ಓದಲಿಲ್ಲವೇ?

ಮಾರಿಕುಪ್ಪಂ ಮೊಮ್ಮಗಳು

ಮೇಷ್ಟ್ರ ಕೊನೆಯ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಮ್ಮ ತಾತ ಕೆಜಿಎಫ್‌ನಲ್ಲಿ ನೆಲದೊಳಗೆ ಇಳಿದು ಕೆಲಸ ಮಾಡಿದವರು. ಹಟ್ಟಿಯ ಅಣ್ಣ ನಿಜಾಮರ ಕಥೆ ಹೇಳಿದರು, ನಾನು ಮೈಸೂರಿನದನ್ನು ಸೇರಿಸುತ್ತೇನೆ. ಲವೆಲ್ ಎಂಬ ಐರಿಷ್ ಸೈನಿಕ ನ್ಯೂಜಿಲೆಂಡಿನ ಮಾವೊರಿ ಯುದ್ಧ ಮುಗಿಸಿ ಬಂದು ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ. ಬೆಂಗಳೂರಿನ ಲವೆಲ್ ರಸ್ತೆಗೆ ಅವನದೇ ಹೆಸರು. ಅವನಿಗೆ ಕೋಲಾರದಲ್ಲಿ ಗಣಿ ತೋಡುವ ಪರವಾನಗಿ ಸಿಕ್ಕಿದ್ದು 1875ರಲ್ಲಿ. ಆಗ ಮೈಸೂರಿನ ಸಿಂಹಾಸನದಲ್ಲಿ ಆಳುವ ಅರಸರೇ ಇಲ್ಲ. 1831ರಿಂದ ಆಡಳಿತ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು, ರಾಜ್ಯ ಒಡೆಯರಿಗೆ ವಾಪಸ್ ಬಂದದ್ದು 1881ರಲ್ಲಿ. ಅಷ್ಟರಲ್ಲಿ ಗಣಿ ನಡೆಸುವ ಬ್ರಿಟಿಷ್ ಸಂಸ್ಥೆ ಜಾನ್ ಟೇಲರ್ ಕಂಪನಿ ಬಂದು ಕೂತಾಗಿತ್ತು. ಹೀಗಾಗಿ ಮೈಸೂರಿಗೆ ‘ಯಾರಿಗೆ ಕೊಡೋಣ’ ಎಂಬ ಪ್ರಶ್ನೆ ಬರಲೇ ಇಲ್ಲ. ಬಂದದ್ದು 5% ರಾಜಧನ. ಮೈಸೂರು ಬ್ರಿಟಿಷರಿಗೆ ಪ್ರತಿ ವರ್ಷ ಕಟ್ಟುತ್ತಿದ್ದ ಪೊಗದಿ 1896ರಿಂದ 35 ಲಕ್ಷ ರೂಪಾಯಿ. ಚಿನ್ನ ಲಂಡನ್ನಿಗೆ ಹೋಯಿತು.

ಆದರೂ ಮೈಸೂರು ಕೈಕಟ್ಟಿ ಕೂರಲಿಲ್ಲ. ಶಿವನಸಮುದ್ರದಲ್ಲಿ ತನ್ನದೇ ವಿದ್ಯುತ್ ತಯಾರಿಸಿ 1902ರಲ್ಲಿ 92 ಮೈಲಿ ತಂತಿ ಎಳೆದು ಗಣಿಗೆ ಮಾರಿತು. ನೆಲದ ಕೆಳಗಿನದರ ಮೇಲೆ ಕೈ ಇರದಿದ್ದರೂ ತನ್ನ ನದಿಯಿಂದ ದುಡ್ಡು ಮಾಡಿತು. ನನಗೆ ಆಗಿನ ಮೈಸೂರು ದಿವಾನರ ಬಗ್ಗೆ ಹೆಮ್ಮೆ ಇರುವುದು ಇದಕ್ಕೇ.

ನನಗೆ ಇಡೀ ಚರ್ಚೆಯಲ್ಲಿ ಒಂದು ಕೊರತೆ ಕಾಣುತ್ತದೆ. ಎಲ್ಲರೂ ಶೇಖರಿಗೆ ಎಷ್ಟು, ಕಂಪನಿಗೆ ಎಷ್ಟು ಎನ್ನುತ್ತಿದ್ದೀರಿ. ಆ ಮೂರೂವರೆ ರೂಪಾಯಿ ಮುತ್ತಿನ ಸಾಲದಲ್ಲಿ ಮುಳುಗಿದವನ ಮನೆಗೆ ಬಂತಾ?

ಮನಾಮದ ಮಂಗಳೂರಿಗ

ಅಕ್ಕಾ, ಒಳ್ಳೆ ಪ್ರಶ್ನೆ. ಸ್ವಲ್ಪ ಬಂತು. ಚಾರ್ಲ್ಸ್ ಬೆಲ್‌ಗ್ರೇವ್ ಎಂಬ ಬ್ರಿಟಿಷ್ ಸಲಹೆಗಾರ 1926ರಿಂದ 1957ರವರೆಗೆ ಇಲ್ಲಿ ಇದ್ದ. ಎಣ್ಣೆಯ ಹಣವನ್ನು ಮೂರು ಪಾಲು ಮಾಡಿ ಒಂದು ಆಳುವ ಮನೆತನಕ್ಕೆ, ಒಂದು ಸರ್ಕಾರದ ಖರ್ಚಿಗೆ, ಒಂದು ಮುಂದಿನ ದಿನಗಳಿಗೆ ಅಂತ ಇಟ್ಟರು. ಶಾಲೆ, ಆಸ್ಪತ್ರೆ ಬಂದವು. ಮುತ್ತಿನ ಮುಳುಗುಗಾರ ದೋಣಿ ಬಿಟ್ಟು ಬಾಪ್ಕೊಗೆ ಕೂಲಿಗೆ ಹೋದ. ದಿನಗೂಲಿ ಕೈಗೆ ಬರುತ್ತಿತ್ತು, ಮುಂಗಡದ ಸಾಲ ಇರಲಿಲ್ಲ. ಅದು ಸಣ್ಣದಲ್ಲ.

ಆದರೆ 1938ರಲ್ಲಿಯೇ ಜನ ಶಾಸನಸಭೆ ಬೇಕು, ಎಣ್ಣೆ ಕಂಪನಿಯಲ್ಲಿ ನಮ್ಮವರಿಗೆ ಕೆಲಸ ಬೇಕು ಎಂದು ಕೇಳಿದರು. ಮುಂದಾಳುಗಳನ್ನು ಹಿಡಿದರು. 1956ರಲ್ಲಿ ಮತ್ತೆ ಎದ್ದಾಗ ಮೂವರು ನಾಯಕರನ್ನು ಬ್ರಿಟಿಷ್ ಹಡಗಿನಲ್ಲಿ ಸೇಂಟ್ ಹೆಲೆನಾ ದ್ವೀಪಕ್ಕೆ ಸಾಗಿಸಿದರು. ಅಕ್ಕ ಕೇಳಿದ್ದಕ್ಕೆ ನೇರ ಉತ್ತರ: ಹಣ ಬಂತು, ಅದರ ಬಗ್ಗೆ ಮಾತಾಡುವ ಅಧಿಕಾರ ಬರಲಿಲ್ಲ.

ಹಟ್ಟಿ ಕಡೆಯವ

ಇದ ನೋಡ್ರಿ ಖರೇ ಮಾತು.

ವಕೀಲರ ಓಣಿ

ಮೇಷ್ಟ್ರು ಕುವೈತ್ ಎತ್ತಿದ್ದು ಒಳ್ಳೆಯದಾಯಿತು. ಕಡತಪ್ರಿಯರು ದೂರುವ ಆ ಬ್ರಿಟಿಷ್ ಹಿಡಿತದ ಷರತ್ತನ್ನು ಕುವೈತ್ ವಿಷಯದಲ್ಲಿ ಬ್ರಿಟಿಷ್ ಸಂಪುಟವೇ 1932ರ ಏಪ್ರಿಲ್‌ನಲ್ಲಿ ಕೈಬಿಟ್ಟಿತು. ಆಗ ಲಂಡನ್ನಿನಲ್ಲಿ ಅಮೆರಿಕದ ರಾಯಭಾರಿ ಆಂಡ್ರ್ಯೂ ಮೆಲನ್, ಗಲ್ಫ್ ಆಯಿಲ್ ಅವರ ಮನೆತನದ್ದೇ ಕಂಪನಿ. ಒತ್ತಡ ಹೇಗಿತ್ತೆಂದು ಊಹಿಸಬಹುದು. ಬಾಗಿಲು ತೆರೆಯಿತು. ಕುವೈತಿನ ಅರಸ ಶೇಖ್ ಅಹ್ಮದ್ ಅವರ ಮುಂದೆ ಇಬ್ಬರು ಕೊಳ್ಳುವವರು, ಗಲ್ಫ್ ಮತ್ತು ಆಂಗ್ಲೋ-ಪರ್ಷಿಯನ್. ಆಮೇಲೆ ಏನಾಯಿತು? ಆ ಎರಡೂ ಕಂಪನಿಗಳು ಅರ್ಧರ್ಧ ಪಾಲಿನಲ್ಲಿ 1934ರಲ್ಲಿ ಕುವೈತ್ ಆಯಿಲ್ ಕಂಪನಿ ಮಾಡಿಕೊಂಡವು. ಕೊಳ್ಳುವವನು ಒಬ್ಬನೇ ಆದ. ಶೇಖರ ಪೈಪೋಟಿಯನ್ನು ಕೊಂದದ್ದು ಕಂಪನಿಗಳ ಹೊಂದಾಣಿಕೆ. ಲಂಡನ್ನಿನ ಷರತ್ತಿಗಿಂತ ಕಂಪನಿಗಳ ಒಕ್ಕೂಟಕ್ಕೆ ಹೆಚ್ಚು ಹೆದರಬೇಕಿತ್ತು. ಅದರೆದುರು ಒಬ್ಬಂಟಿ ಶೇಖ್ ಏನು ಮಾಡಬಹುದಿತ್ತು?

ಕಡತಪ್ರಿಯ

ವಕೀಲರೇ, ಆಂಗ್ಲೋ-ಪರ್ಷಿಯನ್‌ನಲ್ಲಿ 1914ರಿಂದ ಅರ್ಧಕ್ಕಿಂತ ಹೆಚ್ಚಿನ ಪಾಲು ಯಾರದ್ದು? ಬ್ರಿಟಿಷ್ ಸರ್ಕಾರದ್ದೇ, ನೌಕಾಪಡೆಗೆ ಎಣ್ಣೆ ಬೇಕೆಂದು ಚರ್ಚಿಲ್ ಕೊಳ್ಳಿಸಿದ್ದು. ಶೇಖರಿಗೆ ಸಲಹೆ ಕೊಡುವ ರೆಸಿಡೆಂಟನ ಯಜಮಾನನೂ, ಶೇಖರಿಂದ ಕೊಳ್ಳಲು ಬಂದ ಕಂಪನಿಯ ಯಜಮಾನನೂ ಒಬ್ಬನೇ. ಪಂಚಾಯ್ತಿಗೆ ಕೂತವನೇ ಎದುರು ಪಕ್ಷದವನಾದರೆ ತೀರ್ಪು ಯಾರ ಕಡೆ ವಾಲುತ್ತದೆ? ಜೊತೆಗೆ 1934ರ ಮಾರ್ಚ್ 4ರಂದು ಬ್ರಿಟಿಷ್ ಸರ್ಕಾರ ಮತ್ತು ಕುವೈತ್ ಆಯಿಲ್ ಕಂಪನಿ ತಮ್ಮತಮ್ಮಲ್ಲೇ ಒಂದು ರಾಜಕೀಯ ಒಪ್ಪಂದ ಮಾಡಿಕೊಂಡವು. ಶೇಖರ ಜೊತೆ ಗುತ್ತಿಗೆಗೆ ಸಹಿ ಬೀಳುವುದಕ್ಕೆ ಒಂಬತ್ತು ತಿಂಗಳ ಮೊದಲು! ಕುವೈತ್‌ನ ಎಣ್ಣೆಯ ಬಗ್ಗೆ ಒಪ್ಪಂದ, ಅದರಲ್ಲಿ ಕುವೈತ್‌ನ ಸಹಿ ಇಲ್ಲ. ಈ ಸಂಗತಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಸುಳ್ಳು ಹೇಳುತ್ತಿಲ್ಲ.

ಆದರೆ ಬಹ್ರೇನ್ ಮತ್ತು ಕುವೈತನ್ನು ನಾನು ಒಂದೇ ಚೀಲಕ್ಕೆ ತುಂಬಿದ್ದು ತಪ್ಪು ಎಂದು ಈಗ ಅನಿಸುತ್ತಿದೆ. ಬಹ್ರೇನ್‌ನಲ್ಲಿ ಲಂಡನ್ನಿಗೆ ಎಣ್ಣೆ ಬೇಕಿರಲಿಲ್ಲ, ಇದೆ ಎಂಬ ನಂಬಿಕೆಯೂ ಇರಲಿಲ್ಲ, ಬೇಕಿದ್ದದ್ದು ಹಿಡಿತ. ಕುವೈತ್‌ನಲ್ಲಿ ಎರಡೂ ಬೇಕಿತ್ತು, ಏಕೆಂದರೆ ನಡುವೆ 1932ರಲ್ಲಿ ಬಹ್ರೇನ್‌ನ ಬಾವಿ ಉಕ್ಕಿತ್ತು.

ನಿವೃತ್ತ ಮೇಷ್ಟ್ರು

ಇನ್ನೊಂದು ಬಹ್ರೇನ್ ಸಂಗತಿ ನಿಮ್ಮ ಬೀಗದ ವಾದಕ್ಕೆ ಸ್ವಲ್ಪ ಅಡ್ಡ ಬರುತ್ತದೆ. ಬಾಪ್ಕೊಗೆ ಮೊದಲು ಸಿಕ್ಕಿದ್ದು 1,00,000 ಎಕರೆ ಮಾತ್ರ. ಉಳಿದ ನೆಲ ಮತ್ತು ಸಮುದ್ರದ ತಳಕ್ಕೆ 1930ರ ದಶಕದ ಕೊನೆಯಲ್ಲಿ ಎರಡು ಕಡೆಯವರು ಬಂದರು. ಬ್ರಿಟಿಷ್ ಅಧಿಕಾರಿಗಳ ಒಲವು ದೊಡ್ಡ ಎಣ್ಣೆ ಕಂಪನಿಗಳ ಒಕ್ಕೂಟವಾದ ಇರಾಕ್ ಪೆಟ್ರೋಲಿಯಂ ಬಳಗದ ಕಂಪನಿಯ ಕಡೆಗೆ. ಶೇಖ್ ಹಮದ್ ಒಲವು ಬಾಪ್ಕೊ ಕಡೆಗೆ, ಪರಿಚಯವಾಗಿದ್ದ ಕಂಪನಿ, ಎಣ್ಣೆ ತೆಗೆದು ತೋರಿಸಿದ್ದ ಕಂಪನಿ. 1940ರಲ್ಲಿ ಅದು ಬಾಪ್ಕೊಗೇ ಹೋಯಿತು.

ಕಡತಪ್ರಿಯ

ಅಡ್ಡ ಬರುತ್ತದೆ, ಒಪ್ಪುತ್ತೇನೆ. ಆದರೆ ಶೇಖರ ಮಾತು ನಡೆದದ್ದು ಯಾಕೆ? ಎದುರಿಗೆ ನಿಜವಾಗಿ ಇಬ್ಬರಿದ್ದರು, ಆ ಇಬ್ಬರು ಸೇರಿಕೊಂಡು ಒಬ್ಬರಾಗಲಿಲ್ಲ. ಕುವೈತ್‌ನಲ್ಲಿ ಸೇರಿಕೊಂಡರು, ಶೇಖರ ಕೈ ಸೋತಿತು. ಹಾಗಾದರೆ ಕೇಳಬೇಕಾದ ಪ್ರಶ್ನೆ ‘ಒಪ್ಪಿಗೆ ಬೇಕಿತ್ತೋ ಬೇಡವೋ’ ಎನ್ನುವುದಕ್ಕಿಂತ ‘ಅರಸನ ಬಾಗಿಲಿಗೆ ಎರಡನೆಯವನು ಬರಲು ಬಿಟ್ಟರೋ ಇಲ್ಲವೋ’ ಎಂಬುದು. ವಕೀಲರು ಮತ್ತು ಮೇಷ್ಟ್ರು ಇಬ್ಬರೂ ಸೇರಿ ನನ್ನನ್ನು ಇಲ್ಲಿಗೆ ತಂದು ನಿಲ್ಲಿಸಿದ್ದೀರಿ.

ಮಾರಿಕುಪ್ಪಂ ಮೊಮ್ಮಗಳು

ಮೈಸೂರಿನ ಬಾಗಿಲಿಗೆ ಎರಡನೆಯವನು ಬರಲೇ ಇಲ್ಲ, ಟೇಲರ್ ಕಂಪನಿಯೇ 1956ರವರೆಗೆ ಇತ್ತು. ಆ ವರ್ಷ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಾಗ ಒಳ್ಳೆಯ ಅದಿರು ಮುಗಿಯುತ್ತಾ ಬಂದಿತ್ತು ಎಂದು ನಮ್ಮ ತಾತ ಹೇಳುತ್ತಿದ್ದರು. ಮನೆ ಖಾಲಿಯಾದ ಮೇಲೆ ಬೀಗದ ಕೈ ಕೊಟ್ಟರು, ಅನ್ನುತ್ತಿದ್ದರು.

ವಕೀಲರ ಓಣಿ

ಮೊಮ್ಮಗಳು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಕಡತಪ್ರಿಯರಿಗೆ ಒಂದು ಸಂಗತಿ ಕೊಡುತ್ತೇನೆ, ನನ್ನ ವಾದಕ್ಕೆ ವಿರುದ್ಧವಾದದ್ದೇ, ಆದರೆ ಗೊತ್ತಿದ್ದೂ ಮುಚ್ಚಿಡುವುದು ಸರಿಯಲ್ಲ. ಕುವೈತ್‌ನ 1934ರ ಗುತ್ತಿಗೆಯಲ್ಲಿ ಲಂಡನ್ನಿನಲ್ಲಿ ತನ್ನ ಪರವಾಗಿ ಒಬ್ಬ ಪ್ರತಿನಿಧಿಯನ್ನು ಇಡುವ ಹಕ್ಕನ್ನು ಶೇಖ್ ಅಹ್ಮದ್ ಬರೆಸಿಕೊಂಡರು. ಏಜೆಂಟ್, ರೆಸಿಡೆಂಟ್ ಯಾರ ಮೂಲಕವೂ ಅಲ್ಲದೆ ಕಂಪನಿಯ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯಲು ಒಂದು ಕಿಟಕಿ. ಆ ಜಾಗಕ್ಕೆ ಅವರು ಆರಿಸಿದ್ದು ಯಾರನ್ನು ಗೊತ್ತೇ? ಫ್ರಾಂಕ್ ಹೋಮ್ಸ್‌ನನ್ನು. ನಾನು ‘ಗುತ್ತಿಗೆ ಹಿಡಿದು ಮಾರುವವನು’ ಎಂದು ತಳ್ಳಿಹಾಕಿದ ಮನುಷ್ಯ. 1947ರಲ್ಲಿ ಸಾಯುವವರೆಗೂ ಅವನು ಆ ಕೆಲಸದಲ್ಲಿದ್ದ.

ಕಡತಪ್ರಿಯ

ಇದು ನನಗೆ ಗೊತ್ತಿರಲಿಲ್ಲ ಸರ್. ಇವತ್ತು ರಾತ್ರಿ ಕುವೈತ್‌ನ ಕಡತದಿಂದಲೇ ಶುರು ಮಾಡುತ್ತೇನೆ. ಹೋಮ್ಸ್ ಲಂಡನ್ನಿನಿಂದ ಶೇಖರಿಗೆ ಬರೆದ ಪತ್ರಗಳು ಸಿಕ್ಕರೆ ಇಲ್ಲೇ ಹಾಕುತ್ತೇನೆ.